‘ಆ ಸಾಲು ಮತ್ತೊಂದ್ಸಲ ಓದು’: ಕ್ರೀಡಾ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕ್ರೀಡಾ ಸಚಿವರಿಗೆ, ಈ ರಾಜ್ಯದಲ್ಲಿ ಮಕ್ಕಳ ಫುಟ್‌ಬಾಲ್ ಟೂರ್ನಿ, ಕ್ಯಾಂಪು, ಲೀಗು ನಡೆಸುವ ಎಲ್ಲರಿಗೂ,

ನಮಸ್ಕಾರ.

ನನ್ನ ಮೇಜಿನ ಮೇಲೆ ಒಂದು ಫಾರಂ ಇದೆ. 13 ವರ್ಷದ ಮಗಳು ಮೊನ್ನೆ ತಂದಿಟ್ಟದ್ದು. ಹೆಸರು, ಹುಟ್ಟಿದ ತಾರೀಖು, ರಕ್ತದ ಗುಂಪು, ಆಡುವ ಸ್ಥಾನ ಎಲ್ಲವನ್ನೂ ಅವಳೇ ದುಂಡಗೆ ತುಂಬಿದ್ದಾಳೆ. ಕೊನೆಯಲ್ಲಿ ಪೋಷಕರ ಸಹಿಗೆ ಖಾಲಿ ಜಾಗ. ಅದರ ಮೇಲೆ ಚಿಕ್ಕ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಒಂದು ಸಾಲು: ಆಟದ ವೇಳೆ ಮಗುವಿಗೆ ಯಾವುದೇ ಗಾಯವಾದರೆ ಸಂಘಟಕರು ಜವಾಬ್ದಾರರಲ್ಲ, ಇದಕ್ಕೆ ನನ್ನ ಒಪ್ಪಿಗೆ ಇದೆ.

ಈ ಸಾಲನ್ನು ನಾನು ಮೊದಲು ಓದಿದ್ದು 1990ರಲ್ಲಿ, ನನಗೆ 16 ತುಂಬಿದಾಗ. ಆಗಿನ ಸಂಘಟಕರು ಬೇರೆ, ಕಾಗದ ಬೇರೆ, ಸಾಲು ಮಾತ್ರ ಇದೇ. ಸಹಿ ಹಾಕಬೇಕಿದ್ದವನು ನನ್ನ ಅಪ್ಪ. ಒಂಬತ್ತು ದಿನ ಆ ಫಾರಂ ನಮ್ಮ ಮನೆಯ ಗೂಡಿನಲ್ಲಿ, ರೇಷನ್ ಕಾರ್ಡಿನ ಕೆಳಗೆ ಇತ್ತು. ಆ ಒಂಬತ್ತು ದಿನದ ಕಥೆಯನ್ನು ನಿಮಗೆ ಹೇಳಲೇಬೇಕು. ಅಪ್ಪ ಆಗ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು, ಮತ್ತು ಆ ಉತ್ತರ ಇನ್ನೂ ಬಂದಿಲ್ಲ.

ನಾವಿದ್ದದ್ದು ಬೆಂಗಳೂರಿನ ಆಸ್ಟಿನ್ ಟೌನ್‌ನಲ್ಲಿ. ದಾಖಲೆಯಲ್ಲಿ ಅದು ಎಫ್. ಕಿಟೆಲ್ ನಗರ, 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಅವರದೇ ಹೆಸರು. ಆದರೆ ಆ ಬೀದಿಗಳಲ್ಲಿ ನನಗೆ ಆಟ ಬಂದದ್ದು ತಮಿಳಿನಲ್ಲಿ. ನಮ್ಮ ಮನೆಯಲ್ಲಿ ಕನ್ನಡ, ಹಿಂದಿನ ಓಣಿಯಲ್ಲಿ ಉರ್ದು, ಚೆಂಡು ಕಾಲಿಗೆ ಸಿಕ್ಕ ಕೂಡಲೇ ಎಲ್ಲರ ಬಾಯಲ್ಲೂ ತಮಿಳು. ‘ಅಡಿಡಾ’ ಅಂತ ಕೂಗು ಬಿದ್ದರೆ ಯಾವ ಜಾತಿಯ ಯಾವ ಹುಡುಗನೇ ಆಗಲಿ ಒದೆಯುತ್ತಿದ್ದ. ಎರಡು ಇಟ್ಟಿಗೆ ಒಂದು ಗೋಲು, ಎರಡು ಜೊತೆ ಹವಾಯಿ ಚಪ್ಪಲಿ ಇನ್ನೊಂದು. ಸಂಜೆ ಬೀದಿದೀಪ ಹತ್ತಿದ ಮೇಲೂ ಆಟ ನಿಲ್ಲುತ್ತಿರಲಿಲ್ಲ, ಚೆಂಡಿನ ಸದ್ದು ಕೇಳಿ ಆಡುತ್ತಿದ್ದೆವು.

ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರ ಬಾಯಲ್ಲಿ ಹಳೆಯ ಹೆಸರುಗಳು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್, ವಜ್ರವೇಲು, ಬಷೀರ್ ಎಲ್ಲ ನಮ್ಮೂರಿನವರು. ಫ್ರಾನ್ಸ್ ಎದುರು ಭಾರತ 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮವರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು, ಎರಡು ಪೆನಾಲ್ಟಿ ಕೈತಪ್ಪಿತ್ತು. ಭಾರತದ ಆ ಒಂದು ಗೋಲು ರಾಮನ್ ಅವರದ್ದು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ನಮ್ಮ ಬೆಂಗಳೂರಿನ ಹುಡುಗನ ಕಾಲಿನಿಂದ ಬಂದದ್ದು ಎಂದು ಕಟ್ಟೆಯ ತಾತಂದಿರು ಹೇಳುವಾಗ, ಅದು ನಿನ್ನೆ ಸಂಜೆ ಪಕ್ಕದ ಬೀದಿಯಲ್ಲಿ ನಡೆದಂತೆ ಇರುತ್ತಿತ್ತು. ಈ ಮಾತುಗಳನ್ನು ಕೇಳಿಯೇ ನಾನು ಹಾಳಾದೆ ಎಂದು ಅಪ್ಪ ನಂಬಿದ್ದ.

ಅಪ್ಪ ಚಿಂತಾಮಣಿ ಕಡೆಯ ಹಳ್ಳಿಯವನು. ಎರಡು ಎಕರೆ ಖುಷ್ಕಿ, ಮಳೆ ಬಂದರೆ ರಾಗಿ. ಊರು ಬಿಟ್ಟು ಬಂದು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆದ, ಅಂದರೆ ಲೇತ್ ಮಿಷಿನ್ನಿನಲ್ಲಿ ಲೋಹ ಕಡೆಯುವವನು. ಮೈಯಿಂದ, ಬಟ್ಟೆಯಿಂದ, ತಿಂಡಿ ಡಬ್ಬಿಯಿಂದ ಮಿಷಿನ್ ತಣ್ಣಗಿಡಲು ಸುರಿಯುವ ಕೂಲೆಂಟ್ ವಾಸನೆ ಬರುತ್ತಿತ್ತು. ಕುಡಿಯುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿ 77 ದಿನ ಕೆಲಸಕ್ಕೆ ಹೋಗಲಿಲ್ಲವಲ್ಲ, ಆಗ ನನಗೆ ಆರು ವರ್ಷ. ಅಮ್ಮ ತಾಳಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಿರವಿಗಿಟ್ಟಳು. ಅಪ್ಪ ದಿನವೂ ಬೆಳಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ಯೂನಿಫಾರಂ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಿದ್ದ. ಆಮೇಲೆ ಸಂಬಳ ಬಂತು, ಒಡವೆ ಬಿಡಿಸಿದ್ದೂ ಆಯಿತು. ಆದರೆ ಅವನೊಳಗೆ ಏನೋ ಆಗಲೇ ಗಟ್ಟಿಯಾಗಿಬಿಟ್ಟಿತ್ತು. ಸಂಬಳ ತರದ ಯಾವುದನ್ನೂ ಅವನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

‘ಬಾಲು ಅನ್ನ ಆಕ್ತೈತೇನೋ?’ ಇದೇ ಅವನ ಪ್ರಶ್ನೆ. ಸಂಜೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮಂಡಿ ನೋಡುತ್ತಿದ್ದ. ಮಂಡಿಯಲ್ಲಿ ಮಣ್ಣಿದ್ದರೆ ಊಟವಿಲ್ಲ. ನಾನು ಬೀದಿ ನಲ್ಲಿಯಲ್ಲಿ ತೊಳೆದುಕೊಂಡು ಹೋದರೆ, ಒದ್ದೆಯಾಗಿದೆ ಎಂದು ಊಟವಿಲ್ಲ.

ನಮ್ಮ ಬೀದಿಯ ಹನ್ನೆರಡು ಹುಡುಗರು ತಲೆಗೆ ಐದು ರೂಪಾಯಿಯಂತೆ ಹಾಕಿ ಒಂದು ಚೆಂಡು ತಂದಿದ್ದೆವು. ವಾರಕ್ಕೊಬ್ಬರ ಮನೆಯಲ್ಲಿ ಇಡುವುದು ಎಂದು ಮಾತು. ನಮ್ಮ ಮನೆಯ ಸರದಿ ಬಂದಾಗ ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಅಪ್ಪನಿಗೆ ಸಿಕ್ಕಿತು. ಅಮ್ಮನ ಈಳಿಗೆಮಣೆ ಎಳೆದುಕೊಂಡು ಕೂತು, ಹಲಸಿನಕಾಯಿ ಸೀಳಿದ ಹಾಗೆ ಎರಡು ಹೋಳು ಮಾಡಿದ. ಒಂದು ಮಾತಾಡಲಿಲ್ಲ. ಮುಂದಿನ ಸಂಬಳದ ದಿನ ಹಾಳೆಯ ಮೇಲೆ ಹನ್ನೊಂದು ಹುಡುಗರ ಹೆಸರು ಬರೆಸಿಕೊಂಡು, 55 ರೂಪಾಯಿ ಎಣಿಸಿ ನನ್ನ ಕೈಗಿಟ್ಟು, ‘ಪ್ರತಿ ಮನೆಗೂ ಓಗಿ ಕೊಟ್ಟು ಬಾ, ಸಾಲ ಇಟ್ಕೋಬಾರ್ದು’ ಅಂದ. ಹನ್ನೊಂದು ಬಾಗಿಲು ತಟ್ಟಿದೆ. ನನ್ನ ಐದು ರೂಪಾಯಿ ಕೊಡಲಿಲ್ಲ. ಆ ಹನ್ನೊಂದು ಬಾಗಿಲುಗಳ ಅವಮಾನ ನನ್ನಲ್ಲಿ ಇನ್ನೂ ಇದೆ. ಅಪ್ಪ ತೀರಿಕೊಂಡು ವರ್ಷಗಳಾದವು, ಅದು ಹೋಗಲಿಲ್ಲ.

1986ರ ವಿಶ್ವಕಪ್ ನಮ್ಮ ಬೀದಿಗೆ ಜಾತ್ರೆಯಂತೆ ಬಂತು. ಮೆಕ್ಸಿಕೋದಲ್ಲಿ ನಡುಮಧ್ಯಾಹ್ನ ಅಂದರೆ ನಮಗೆ ರಾತ್ರಿ ಹನ್ನೊಂದೂವರೆ. ಟೀವಿ ಇದ್ದ ಮನೆಯ ಕಿಟಕಿಯ ಹೊರಗೆ ಮೂವತ್ತು ನಲವತ್ತು ಜನ. ಜೂನ್ 22, ಭಾನುವಾರ, ಅರ್ಜೆಂಟೀನಾ ಮತ್ತು ಇಂಗ್ಲೆಂಡ್. ಅಪ್ಪ ಮಲಗಿದ ಮೇಲೆ ಹಿತ್ತಲಿಂದ ನುಸುಳಿ ಹೋಗಿದ್ದೆ. ಮರಡೋನಾ ಕೈಯಲ್ಲಿ ತಟ್ಟಿದ ಮೊದಲ ಗೋಲನ್ನು ನೋಡಿದೆ. ಅದು ಕೈಯೋ ತಲೆಯೋ ಎಂದು ಕಿಟಕಿಯ ಹೊರಗೆ ಜಗಳ ನಡೆಯುತ್ತಿರುವಾಗಲೇ ನನ್ನ ಕಿವಿ ಹಿಂದಿನಿಂದ ಯಾರದೋ ಬೆರಳಿಗೆ ಸಿಕ್ಕಿತು. ಅಪ್ಪ, ಲುಂಗಿಯಲ್ಲಿ. ಮನೆಯೊಳಗೆ ತಳ್ಳಿ ಅಗುಳಿ ಹಾಕಿದ. ಕತ್ತಲಲ್ಲಿ ಕಂಬಳಿ ಕಚ್ಚಿಕೊಂಡು ಮಲಗಿದ್ದಾಗ ಹೊರಗೆ ಇಡೀ ಬೀದಿ ಹೂಂಕರಿಸಿದ್ದು ಕೇಳಿಸಿತು. ಎರಡು ಗೋಲುಗಳ ನಡುವೆ ಇದ್ದದ್ದು ನಾಲ್ಕೇ ನಿಮಿಷ. ಅರ್ಧ ಮೈದಾನದಿಂದ ಒಬ್ಬನೇ ಚೆಂಡು ಒಯ್ದು ಹಾಕಿದ ಆ ಗೋಲನ್ನು ಆಮೇಲೆ ನೂರಾರು ಸಲ ನೋಡಿದ್ದೇನೆ. ಪ್ರತಿಸಲವೂ ನನಗೆ ನೆನಪಾಗುವುದು ಆ ಅಗುಳಿಯ ಸದ್ದು.

ಇಷ್ಟು ಹೇಳಿದ ಮೇಲೆ ಲೆಫ್ಟ್‌ಔಟ್ ಮಾಮನ ಬಗ್ಗೆ ಹೇಳಬೇಕು. ಅವರ ನಿಜವಾದ ಹೆಸರು ಮಕ್ಕಳಾದ ನಮಗೆ ಗೊತ್ತೇ ಇರಲಿಲ್ಲ. ಎಡಗಡೆ ಅಂಚಿನಲ್ಲಿ ಓಡುತ್ತಿದ್ದ ಆಟಗಾರ, ಅದೇ ಹೆಸರಾಯಿತು. ನಮ್ಮಿಂದ ಮೂರು ಮನೆ ಆಚೆ. ಅಪ್ಪನ ಕಾರ್ಖಾನೆಗೆ ಅವರನ್ನು ಫುಟ್‌ಬಾಲ್ ಆಡಲೆಂದೇ ಸೇರಿಸಿಕೊಂಡಿದ್ದರು. ಆ ಕಾಲದ ಬೆಂಗಳೂರಿನಲ್ಲಿ ಅದೊಂದು ದಾರಿ ಇತ್ತು. ಐಟಿಐ, ಎಚ್‌ಎಎಲ್, ಬಿಇಎಂಎಲ್‌ನಂಥ ಸರ್ಕಾರಿ ಕಾರ್ಖಾನೆಗಳಿಗೆಲ್ಲ ತಂಡಗಳಿದ್ದವು. ಚೆನ್ನಾಗಿ ಆಡಿದರೆ ನೌಕರಿ, ನೌಕರಿ ಸಿಕ್ಕರೆ ಕ್ವಾರ್ಟರ್ಸು, ಪಿಂಚಣಿ. ಬಡವರ ಮಕ್ಕಳು ಚೆಂಡಿನ ಬೆನ್ನು ಹತ್ತಿದ್ದಕ್ಕೆ ಅರ್ಧ ಕಾರಣ ಇದೇ. ಮಾಮ ಆಡುವ ದಿನ ಗೇಟಿನಿಂದ ಮೈದಾನದ ತನಕ ಜನ ಅವರನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಒಂದು ಪಂದ್ಯದಲ್ಲಿ ಅವರ ಮಂಡಿ ತಿರುಚಿತು. ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು ಎಂದು ಈಗ ನನಗೆ ಅರ್ಥವಾಗುತ್ತದೆ. ಆಗ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿದರು. ಮತ್ತೆ ಆಡಲಾಗಲಿಲ್ಲ. ಆಡಲಾಗದವರನ್ನು ಮಿಷಿನ್ ಮುಂದೆ ನಿಲ್ಲಿಸಿದರು. ಎಂಟು ಗಂಟೆ ನಿಂತೇ ಮಾಡುವ ಕೆಲಸ. ಉಳಿದವರು ಕೆಲಸ ಕಲಿತ ವರ್ಷಗಳಲ್ಲಿ ಅವರು ಮೈದಾನದಲ್ಲಿದ್ದರು, ಹೀಗಾಗಿ ಬಡ್ತಿಯೂ ಇಲ್ಲ. ಸಂಜೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು, ಮಂಡಿ ತೆಂಗಿನಕಾಯಿಯಷ್ಟು ಊದಿಕೊಂಡಿರುತ್ತಿತ್ತು.

2009ರಲ್ಲಿ ಅಪ್ಪ ಹೋದ. ಹನ್ನೊಂದನೇ ದಿನದ ತಿಥಿಗೆ ಮಾಮ ಊರುಗೋಲು ಹಿಡಿದು ಬಂದರು. ಎಲೆ ಮುಂದೆ ಕೂತು, ಅನ್ನ ಕಲೆಸುವುದನ್ನು ಬಿಟ್ಟು, ‘ನಿಮ್ಮಪ್ಪ ಆರು ವರ್ಷ ಎರಡು ಮಿಷಿನ್ ನೋಡ್ಕೊಂಡವ್ನೆ. ಒಂದು ಅವನ್ದು, ಒಂದು ನಂದು. ನನ್ನ ಸ್ಟೂಲಿನ ಮೇಲೆ ಕೂರಿಸಿ, ಸೂಪರ್‌ವೈಸರ್ ಬಂದಾಗ ಮಾತ್ರ ನಿಂತ್ಕೊ ಅಂತಿದ್ದ’ ಅಂದರು. ನನ್ನ ಕೈಯಲ್ಲಿದ್ದ ಪಲ್ಯದ ಬಕೀಟು ಅಲ್ಲೇ ನಿಂತಿತು. ಮಾಮ ಸಾರು ಕೇಳುವ ತನಕ ನಾನು ಅಲುಗಲಿಲ್ಲ.

ಅಪ್ಪ ಚೆಂಡನ್ನು ಏಕೆ ಸೀಳಿದ ಎಂಬುದು ಆವತ್ತು ನನಗೆ ತಿಳಿಯಿತು. ಹಾಗೆಂದು ಅದನ್ನು ಮನ್ನಿಸಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಹೇಳಬಹುದಿತ್ತು. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಮಾಮನ ಮಂಡಿ ತೋರಿಸಬಹುದಿತ್ತು. ಅವನು ಅಗುಳಿ ಹಾಕಿದ. ಅವನ ಪ್ರಶ್ನೆ ಸರಿ, ಅವನು ನನಗೆ ಮಾಡಿದ್ದು ತಪ್ಪು. ಇವೆರಡನ್ನೂ ಬೇರೆಬೇರೆ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಈಗ ಆ ಒಂಬತ್ತು ದಿನಕ್ಕೆ ಬರುತ್ತೇನೆ. 1990, ಎಸ್ಸೆಸ್ಸೆಲ್ಸಿ ಮುಗಿದಿತ್ತು. ಹುಡುಗರ ತರಬೇತಿ ಕ್ಯಾಂಪಿಗೆ ನನ್ನ ಹೆಸರು ಬಂತು. ಫಾರಂ ಇಂಗ್ಲಿಷಿನಲ್ಲಿತ್ತು. ಊಟವಾದ ಮೇಲೆ ಅಪ್ಪ, ‘ಓದು’ ಅಂದ. ಓದಿ ಕನ್ನಡದಲ್ಲಿ ಹೇಳಿದೆ. ಆ ಸಾಲಿಗೆ ಬಂದಾಗ ಕೈ ಎತ್ತಿದ.

‘ಆ ಸಾಲು ಮತ್ತೊಂದ್ಸಲ ಓದು.’

ಓದಿದೆ.

‘ಜವಾಬ್ದಾರರಲ್ಲ ಅಂದ್ರೆ?’

‘ಅಂದ್ರೆ ನಾವೇ ನೋಡ್ಕೋಬೇಕು, ಅಪ್ಪ.’

‘ಅವ್ರೇ ಕರೀತಾರೆ, ಅವ್ರೇ ಆಡಿಸ್ತಾರೆ, ಕಾಲು ಮುರಿದ್ರೆ ನೀನ್ಯಾರೋ ನಾನ್ಯಾರೋ?’

ಮರುದಿನ ಮತ್ತೆ ಅದೇ. ಮೂರನೆಯ ದಿನವೋ ನಾಲ್ಕನೆಯ ದಿನವೋ ಹೀಗೆ ಅಂದ: ‘ಫ್ಯಾಕ್ಟ್ರೀಲಿ ಹೆಬ್ಬೆಟ್ಟು ಹೋದ್ರೆ ಇಷ್ಟು ಅಂತ ಕಾನೂನೈತೆ. ಆಟದಾಗೆ ಮಂಡಿ ಹೋದ್ರೆ ಏನೈತೆ?’

ಅವನು ಹೇಳಿದ್ದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮಾತು. ಆ ಕಾಯ್ದೆಗೆ ಒಂದು ಅನುಸೂಚಿ ಇತ್ತು. ಯಾವ ಅಂಗ ಹೋದರೆ ದುಡಿಯುವ ಶಕ್ತಿ ಎಷ್ಟು ಹೋದಂತೆ ಎಂದು ಅದರಲ್ಲಿ ಬೆರಳು ಬೆರಳಿಗೂ ಲೆಕ್ಕವಿತ್ತು. ಹೆಬ್ಬೆರಳಿಗೆ ಶೇ 30, ಇಡೀ ತೋರುಬೆರಳಿಗೆ ಶೇ 14. ಲೇತ್ ಮುಂದೆ ನಿಲ್ಲುವವರಿಗೆ ಈ ಲೆಕ್ಕ ಬಾಯಿಪಾಠ. ಬ್ರಿಟಿಷರ ಕಾಲದಲ್ಲೇ ಕಾರ್ಮಿಕನ ಬೆರಳಿಗೆ ಒಬ್ಬ ಹೊಣೆಗಾರ ಸಿಕ್ಕಿದ್ದ. ಮಗನ ಮಂಡಿಗೆ ಹೊಣೆಗಾರ ಯಾರು ಎಂದು ಆ ಟರ್ನರ್ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅತ್ತೆ, ರೇಗಿದೆ, ಎರಡು ಹೊತ್ತು ಊಟ ಬಿಟ್ಟೆ. ಅಪ್ಪ ಬೇಡ ಅನ್ನಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಒಂಬತ್ತನೆಯ ದಿನ ಕೊನೆಯ ತಾರೀಖು ದಾಟಿತು. ಹತ್ತನೆಯ ದಿನ ಆ ಫಾರಂ ಗೂಡಿನಲ್ಲಿ ಇರಲಿಲ್ಲ. ನಾನು ಡಿಪ್ಲೊಮಾ ಸೇರಿದೆ.

ಇದಾಗಿ ಮೂವತ್ತೈದು ವರ್ಷ ದಾಟಿತು. ಇಷ್ಟರಲ್ಲಿ ಈ ಊರಿನ ಫುಟ್‌ಬಾಲಿನಲ್ಲಿ ಏನೇನೋ ಆಗಿದೆ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡುತ್ತ ಮೊದಲ ವರ್ಷವೇ ದೇಶದ ಕ್ಲಬ್‌ಗಳ ಟೂರ್ನಿಯಾದ ಐ-ಲೀಗ್ ಗೆದ್ದಿತು. ಮೈಸೂರು ತಂಡ 1968-69ರಲ್ಲಿ ಕೊನೆಯ ಸಲ ಎತ್ತಿದ್ದ, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ತಂದಿತು. ಆ ರಾತ್ರಿ ಫೋನಿನಲ್ಲಿ ಪಂದ್ಯ ನೋಡಿ ನಾನು ಮಗುವಿನಂತೆ ಅತ್ತಿದ್ದೇನೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ನಮ್ಮೂರಿನ ಹುಡುಗ ಕಾರ್ಲ್ಟನ್ ಚಾಪ್‌ಮನ್ ಭಾರತ ತಂಡದ ನಾಯಕನಾದ. 2020ರ ಅಕ್ಟೋಬರಿನಲ್ಲಿ 49ನೇ ವಯಸ್ಸಿಗೇ ತೀರಿಕೊಂಡ. ಕಾರ್ಖಾನೆಗಳ ತಂಡಗಳು ಒಂದೊಂದಾಗಿ ಸೊರಗಿದವು, ಅವುಗಳ ಜೊತೆಗೆ ಆ ನೌಕರಿಗಳೂ. ಹೆಣ್ಣುಮಕ್ಕಳು ಆಡತೊಡಗಿದ್ದಾರೆ, ನನ್ನ ಕಣ್ಣಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಬದಲಾಗದೆ ಉಳಿದದ್ದು ಆ ಸಾಲು.

ಮಗಳು ಆಡುತ್ತಾಳೆ ಎಂಬ ಕಾರಣಕ್ಕೆ ನನ್ನ ಭಯ ಇಮ್ಮಡಿಯಾಗಿದೆ. ಹರೆಯದ ಹುಡುಗಿಯರಲ್ಲಿ ಮಂಡಿಯ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹೆಚ್ಚು. ಆಪರೇಷನ್ ಆದರೆ ಮತ್ತೆ ಮೈದಾನಕ್ಕಿಳಿಯಲು ಒಂಬತ್ತು ತಿಂಗಳಾದರೂ ಬೇಕು, ವಾರವಾರ ಫಿಸಿಯೊಥೆರಪಿ ಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮೆ ನನಗಿದೆ. ಆದರೆ ಅದು 18 ತುಂಬಿದವರಿಗೆ, ಅದೂ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಆಟವಾಡಿ ಮಂಡಿ ಹರಿದುಕೊಂಡ 13ರ ಹುಡುಗಿ ಅದರ ಹತ್ತಿರವೂ ಬರುವುದಿಲ್ಲ.

ಈ ಮಳೆಗಾಲದಲ್ಲಿ ಊರಿನ ಒಂದು ಮೈದಾನದಲ್ಲಿ ಮಕ್ಕಳ ಪಂದ್ಯ ನೋಡುತ್ತಿದ್ದೆ. ಒಬ್ಬ ಹುಡುಗ ಕಾಲು ಹಿಡಿದುಕೊಂಡು ಬಿದ್ದ. ಸ್ಪ್ರೇ ಹೊಡೆದರು, ಐಸ್ ಇಟ್ಟರು, ಬೇಲಿಯ ಆಚೆ ಕೂರಿಸಿದರು. ಆಟ ಮುಂದುವರಿಯಿತು. ಅವನ ಅಪ್ಪ ಕೆಲಸದ ಯೂನಿಫಾರಂನಲ್ಲೇ ಬಂದಿದ್ದವರು, ಸೆಕ್ಯುರಿಟಿ ಗಾರ್ಡ್. ಆಟೊ ತರಲು ಹೋಗುವಾಗ ನನ್ನ ಮುಖ ನೋಡಿ, ‘ಈಗ ಇವನನ್ನ ಯಾರು ಸರ್ ನೋಡ್ಕೋತಾರೆ?’ ಅಂದರು. ನನ್ನ ಮೈ ಜುಮ್ಮೆಂದಿತು. ಸತ್ತುಹೋದವನ ದನಿ ಇನ್ನೊಬ್ಬರ ಬಾಯಲ್ಲಿ ಬಂದಿತ್ತು. ಆ ಹುಡುಗ ಮತ್ತೆ ಆಡಲು ಬರದಿದ್ದರೆ ಅಪ್ಪನೇ ಬಿಡಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ.

ಸಚಿವರೇ, ನಾನು ಕೇಳುವುದು ಹೆಚ್ಚೇನಲ್ಲ. ಮೊದಲು ಆ ಸಾಲನ್ನು ತೆಗೆಸಿ. ನಿಮ್ಮ ಇಲಾಖೆಯ ಮೈದಾನ ಬಳಸುವವರು, ನಿಮ್ಮಿಂದ ಅನುದಾನ ಪಡೆಯುವವರು, ಶಾಲೆಗಳ ಮೂಲಕ ಮಕ್ಕಳನ್ನು ಕರೆಸಿಕೊಳ್ಳುವವರು ಇಂಥ ಒಪ್ಪಿಗೆ ಬರೆಸಿಕೊಳ್ಳಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ನೋಂದಾಯಿಸಿದ ಪ್ರತಿ ಮಗುವಿನ ಹೆಸರಿನಲ್ಲಿ ಗುಂಪು ವಿಮೆ ಮಾಡಿಸಿ, ಮಂಡಿಯ ಆಪರೇಷನ್ನೂ ಫಿಸಿಯೊಥೆರಪಿಯೂ ಅದರೊಳಗೆ ಬರುವಂತೆ. ಫಾರಂ ಕನ್ನಡದಲ್ಲಿರಲಿ. ಮಗನಿಂದ ಓದಿಸಿಕೊಂಡು ಅರ್ಥ ಕೇಳುವ ಸ್ಥಿತಿ ಯಾವ ಅಪ್ಪನಿಗೂ ಬರಬಾರದು, ಮಗನಿಗಂತೂ ಬರಲೇಬಾರದು.

ಸಂಘಟಕರೇ, ಕೋಚ್‌ಗಳೇ, ನಿಮ್ಮಲ್ಲಿ ಹಲವರು ಕೈಯಿಂದ ದುಡ್ಡು ಹಾಕಿ ಮಕ್ಕಳನ್ನು ಆಡಿಸುತ್ತೀರಿ ಎಂದು ಬಲ್ಲೆ. ದುಡ್ಡಿಲ್ಲದೆ ಆಗುವ ಕೆಲಸವೂ ಇದೆ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ವೈದ್ಯರು ರೂಪಿಸಿದ ‘11 ಪ್ಲಸ್’ ಎಂಬ ವಾರ್ಮ್‌ಅಪ್ ನಿಮಗೆ ಗೊತ್ತಿರುತ್ತದೆ. ಇಪ್ಪತ್ತು ನಿಮಿಷ, ಚೆಂಡು ಬಿಟ್ಟರೆ ಬೇರೆ ಸಾಮಾನು ಬೇಡ, ವಾರಕ್ಕೆ ಎರಡು ಸಲ ತಪ್ಪದೆ ಮಾಡಿಸಿದರೆ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತವೆ. ನಾನು ನೋಡಿದ ಮೈದಾನಗಳಲ್ಲಿ ಎರಡು ಸುತ್ತು ಓಡಿಸಿ ಸೀದಾ ಆಟಕ್ಕೆ ಬಿಡುತ್ತಾರೆ. ದಯವಿಟ್ಟು ಬೇಡ. ಇನ್ನೊಂದು ಮಾತು. ಮನೆಯಲ್ಲಿ ಅಪ್ಪ ಬಿಡುತ್ತಿಲ್ಲ ಎಂದು ಯಾವ ಮಗುವಾದರೂ ಹೇಳಿದರೆ ಅಪ್ಪನನ್ನು ಬೈಯಬೇಡಿ. ಒಂದು ಸಂಜೆ ಅವರ ಮನೆಗೆ ಹೋಗಿ. ಚಾಪೆಯ ಮೇಲೆ ಕೂತು, ಅವರು ಕೇಳುವುದನ್ನು ಕೇಳಿಸಿಕೊಳ್ಳಿ. ನಮ್ಮ ಮನೆಗೆ ಆ ಒಂಬತ್ತು ದಿನದಲ್ಲಿ ಯಾರಾದರೂ ಒಬ್ಬರು ಬಂದಿದ್ದರೆ ಅಪ್ಪ ಏನು ಮಾಡುತ್ತಿದ್ದ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಬಂದವರಿಗೆ ಕಾಫಿ ಕೊಡಿಸುತ್ತಿದ್ದ. ಅದಂತೂ ಖಂಡಿತ.

ಇಷ್ಟು ಬರೆದು ಎದ್ದು ಹೋಗಿ ಫಾರಂ ತೆಗೆದುಕೊಂಡು ಕೂತೆ. ಆ ಇಂಗ್ಲಿಷ್ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದೆ. ಅದರ ಕೆಳಗೆ ಕನ್ನಡದಲ್ಲಿ ಬರೆದೆ: ‘ಆಟದಲ್ಲಿ ಗಾಯವಾದರೆ, ಮಗು ಮತ್ತೆ ಓಡುವ ದಿನದ ತನಕ ಚಿಕಿತ್ಸೆಯ ಹೊಣೆ ಸಂಘಟಕರದ್ದು ಮತ್ತು ನನ್ನದು, ಇಬ್ಬರದೂ.’ ಪಕ್ಕದಲ್ಲಿ ಇನ್ನೊಂದು ಸಹಿಗೆ ಜಾಗ ಬಿಟ್ಟು ನನ್ನ ಸಹಿ ಹಾಕಿದೆ. ಮಗಳು ಅದನ್ನು ಬ್ಯಾಗಿಗೆ ಹಾಕಿಕೊಂಡಿದ್ದಾಳೆ. ನಾಳೆ ಬೆಳಗ್ಗೆ ಆರಕ್ಕೆ ಪ್ರಾಕ್ಟೀಸು, ಆಗಲೇ ಕೊಡುತ್ತಾಳಂತೆ. ಅದನ್ನು ಅವಳ ಕೈಗೆ ವಾಪಸ್ ಕೊಡಬೇಡಿ.

ಇಂತಿ,
ಒಬ್ಬ ಟರ್ನರನ ಮಗ, ಒಬ್ಬ ಆಟಗಾರ್ತಿಯ ಅಪ್ಪ
ಕಿಟೆಲ್ ನಗರ, ಬೆಂಗಳೂರು